ಗಾಳ, ರಾಗಿ ಮುದ್ದೆ ಮತ್ತು ಬಿಳಿಮೀನು

ಮೀನು ಎಂದೊಡನೆ ಕರಾವಳಿಯ ಓದುಗರಿಗೆ ಕಡಲು, ದೋಣಿ, ಬಂಗುಡೆ, ಭೂತಾಯಿ ನೆನಪಾಗುವುದು ಸಹಜ. ಮಂಡ್ಯ ಸೀಮೆಯವರಿಗಾದರೋ ಮೀನೆಂದರೆ ಕೆರೆ, ಹಳ್ಳ, ಹೊಳೆ. ರಜೆಯಲ್ಲಿ ಮಕ್ಕಳೊಂದಿಗೆ ಆ ಕಡೆ ಹೋಗುವಿರಾದರೆ ಮೀನಿನ ಜಾಡು ಹಿಡಿದೇ ಒಂದು ದಿನ ಸುತ್ತಬಹುದು.

ಮೊದಲು ಬಸರಾಳು. ಮಂಡ್ಯದಿಂದ ಸುಮಾರು 25 ಕಿಲೋಮೀಟರ್ ದೂರದ ಈ ಊರು ಹೆಸರಾಗಿರುವುದು 1234ರಲ್ಲಿ ಹೊಯ್ಸಳರ ದಂಡನಾಯಕ ಹರಿಹರ ಕಟ್ಟಿಸಿದ ಮಲ್ಲಿಕಾರ್ಜುನ ದೇವಾಲಯದ ಕಲ್ಲಿನ ಕೆತ್ತನೆಗಳಿಂದ. ಅದನ್ನು ನೋಡಿದ ಮೇಲೆ ಸುತ್ತಲಿನ ಕೆರೆಗಳತ್ತ ಕಣ್ಣು ಹಾಯಿಸಿ. ಬಿದಿರು ಕೋಲು, ದಾರ, ಬೆಂಡು, ಕೊಕ್ಕೆಗೆ ಸಿಕ್ಕಿಸಿದ ಎರೆಹುಳು: ಈ ಸೀಮೆಯಲ್ಲಿ ಗಾಳಕ್ಕೆ ಇಷ್ಟೇ ಸಾಕು. ಬೆಂಡು ಮುಳುಗಿತೆಂದರೆ ಮೀನು ಕಚ್ಚಿತೆಂದೇ ಲೆಕ್ಕ. ಆದರೆ ಕೆರೆಯ ಮೀನನ್ನು ಗುತ್ತಿಗೆಗೆ ಕೊಡುವ ಪದ್ಧತಿಯಿದೆ. ಕೇಳದೆ ಗಾಳ ಹಾಕಬೇಡಿ.

ಮುಂಗಾರಿನಲ್ಲಿ ಕೆರೆಗೆ ಸೇರುವ ಹಳ್ಳಗಳು ಕೆಂಪಾಗಿ ಹರಿಯತೊಡಗಿದಾಗ ಹಲವು ಜಾತಿಯ ಮೀನುಗಳು ನೀರಿಗೆ ಎದುರಾಗಿ ಹತ್ತುತ್ತವೆ. ಅವು ಹೊರಟಿರುವುದು ಮೊಟ್ಟೆಯಿಡಲು. ಆಗ ಒಂದು ಮೀನನ್ನು ಹಿಡಿದರೆ ಒಂದು ಸಂಸಾರವನ್ನೇ ಹಿಡಿದಂತೆ.

ತಂಪು ನಾಡುಗಳ ಇಂತಹ ಸಣ್ಣ ತೊರೆಗಳಲ್ಲಿ ಟ್ರೌಟ್ ಎಂಬ ಮೀನಿದೆ. ಪುಕ್ಕ, ನೂಲುಗಳಿಂದ ಕಟ್ಟಿದ ಹುಸಿ ನೊಣವನ್ನು ನೀರಿನ ಮೇಲೆ ಬೀಸಿ ಅದನ್ನು ಹಿಡಿಯುತ್ತಾರೆ. ಬ್ರಿಟಿಷರು ಟ್ರೌಟನ್ನು ನೀಲಗಿರಿಯ ತೊರೆಗಳಿಗೂ ತಂದು ಬಿಟ್ಟರು. ಬಯಲಿನ ಬೆಚ್ಚನೆಯ ನೀರು ಅದಕ್ಕೆ ಒಗ್ಗದು. ಹಾಗಾಗಿ ಇಲ್ಲಿ ಗಾಳದ ಹವ್ಯಾಸಿಗಳು ಹಿಂದೆ ಬಿದ್ದದ್ದು ಕಾವೇರಿಯ ಮಹಶೀರ್ ಮೀನಿನ ಹಿಂದೆ. ನಮ್ಮವರು ಅದನ್ನು ಬಿಳಿಮೀನು ಎನ್ನುತ್ತಾರೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು!

ಆ ಮೀನಿನ ನೆಲೆ ನೋಡಲು ಮದ್ದೂರು, ಮಳವಳ್ಳಿ ದಾಟಿ ಹಲಗೂರಿಗೆ ಬನ್ನಿ. ಅಲ್ಲಿಂದ ಕಾಡಿನ ದಾರಿ ಮುತ್ತತ್ತಿ, ಭೀಮೇಶ್ವರಿಗಳಿಗೆ ಇಳಿಯುತ್ತದೆ. ಹಿಂದೆ ಇಲ್ಲಿನ ಶಿಬಿರಗಳಿಗೆ ದೇಶ ವಿದೇಶಗಳ ಹವ್ಯಾಸಿಗಳು ಬರುತ್ತಿದ್ದರು. ಅವರು ಕೊಕ್ಕೆಗೆ ಸಿಕ್ಕಿಸುತ್ತಿದ್ದುದು ಏನನ್ನು ಗೊತ್ತೇ? ನಮ್ಮ ರಾಗಿ ಹಿಟ್ಟಿನ ಮುದ್ದೆಯನ್ನು! ಹಿಡಿದ ಮೀನನ್ನು ತೂಗಿ, ಪುಸ್ತಕದಲ್ಲಿ ಬರೆದು, ಮತ್ತೆ ಹೊಳೆಗೇ ಬಿಡುವುದು ಶಿಬಿರಗಳ ನಿಯಮ. ಮೊದಲು ಕದ್ದು ಮೀನು ಹಿಡಿಯುತ್ತಿದ್ದ ಕೆಲವರು ಇಲ್ಲಿ ಸಂಬಳ ಪಡೆದು ಹೊಳೆಯ ಕಾವಲುಗಾರರಾದರು.

ಆ ಪುಸ್ತಕಗಳೇ ಮುಂದೆ ಒಂದು ಕಹಿ ಸತ್ಯವನ್ನು ತೋರಿಸಿಕೊಟ್ಟವು. ಮೀನಿನ ಸಂತತಿ ಹೆಚ್ಚಲೆಂಬ ಸದುದ್ದೇಶದಿಂದ ಮಹಾರಾಷ್ಟ್ರದ ಲೋನಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಹಿಂದೆ ಕಾವೇರಿಗೆ ಬಿಡಲಾಗಿತ್ತು. ಗಾಲಿಬೋರೆ ಶಿಬಿರದ 1998ರಿಂದ 2012ರವರೆಗಿನ ದಾಖಲೆಗಳನ್ನು ವಿಜ್ಞಾನಿಗಳು ಪರಿಶೀಲಿಸಿದಾಗ ಹೊಸ ಮೀನು ಹೆಚ್ಚುತ್ತಾ, ಕಾವೇರಿಯದೇ ಆದ ಗೂನು ಬೆನ್ನಿನ ಮಹಶೀರ್ ಕ್ಷೀಣಿಸುತ್ತಾ ಬಂದದ್ದು ಕಂಡಿತು. ಅಣೆಕಟ್ಟು, ಮರಳು ಗಣಿಗಾರಿಕೆ, ಸಿಡಿಮದ್ದು ಹಾಕಿ ಮೀನು ಕೊಲ್ಲುವ ದುರಾಸೆಗಳೂ ಹೊಳೆಯನ್ನು ಕಾಡಿವೆ. 2018ರಲ್ಲಿ ಈ ಮೀನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಅದು ಭಾರಿ ಮೀನು, ಪ್ರಸಿದ್ಧ ಮೀನು. ಆದರೂ ಅದಕ್ಕೆ ವಿಜ್ಞಾನದ ಸರಿಯಾದ ಹೆಸರು ನಿಶ್ಚಯವಾದದ್ದೂ ಅದೇ ವರ್ಷ.

ಈಗ ಕಾವೇರಿ ವನ್ಯಜೀವಿಧಾಮದೊಳಗೆ ಗಾಳದ ಮೋಜಿಗೆ ಅವಕಾಶವಿಲ್ಲ. ನೀವು ದಡದಲ್ಲಿ ಕುಳಿತು ಹೊಳೆ ನೋಡಬಹುದು. ಆದರೆ ಮಕ್ಕಳನ್ನು ನೀರಿಗೆ ಇಳಿಸಬೇಡಿ. ಇಲ್ಲಿ ಸುಳಿಗಳಿವೆ, ಮೊಸಳೆಗಳೂ ಇವೆ.

ಮಕ್ಕಳಿಗೆ ಈ ಕಥೆಯನ್ನು ಅಲ್ಲೇ ಹೇಳಿ. ಕೇಡು ಬಯಸಿದವರಿಂದ ಮಾತ್ರವಲ್ಲ, ಒಳ್ಳೆಯದಾಗಲೆಂದು ಬಯಸಿದವರಿಂದಲೂ ಹೊಳೆಗೆ ಹಾನಿಯಾದೀತು. ಮನೆಯ ಗಾಜಿನ ತೊಟ್ಟಿಯ ಮೀನು ಸಾಕಾಯಿತೆಂದು ಊರ ಕೆರೆಗೆ ಬಿಡುವ ಮುನ್ನ ಅವರು ಇದನ್ನು ನೆನೆಯಲಿ. ಗಾಳಕ್ಕೆ ಮರಿ ಮೀನು ಸಿಕ್ಕಿದರೆ ಮೆಲ್ಲನೆ ಕೊಕ್ಕೆ ಬಿಡಿಸಿ ನೀರಿಗೆ ಬಿಡುವುದನ್ನು ಅವರು ನಿಮ್ಮಿಂದಲೇ ಕಲಿಯಲಿ.