ಎತ್ತುಗಳನ್ನು ಗಾಡಿಯ ಹಿಂದೆ ಕಟ್ಟಿದರೆ?

ಮಕ್ಕಳೇ, ಎತ್ತಿನ ಗಾಡಿಯನ್ನು ನೀವೆಲ್ಲ ನೋಡಿದ್ದೀರಿ. ಎತ್ತುಗಳನ್ನು ಗಾಡಿಯ ಮುಂದೆ ಕಟ್ಟುತ್ತಾರೆ. ಹಿಂದೆ ಕಟ್ಟಿ ಗಾಡಿಯನ್ನು ತಳ್ಳಿಸಿದರೆ ಏನಾಗಬಹುದು? ನಗಬೇಡಿ, ಸ್ವಲ್ಪ ಯೋಚಿಸಿ. ಎತ್ತುಗಳು ಮುಂದಿದ್ದರೆ ಅವು ಹೋದ ದಾರಿಯಲ್ಲೇ ಗಾಡಿ ಹಿಂಬಾಲಿಸುತ್ತದೆ. ಹಿಂದಿನಿಂದ ತಳ್ಳಿದರೆ ಮೂಕಿ ಕೊಂಚ ಓರೆಯಾದರೂ ಸಾಕು, ಗಾಡಿ ರಸ್ತೆಗೆ ಅಡ್ಡಲಾಗಿ ತಿರುಗಿಕೊಳ್ಳುತ್ತದೆ.

ಆದರೂ ನಮ್ಮ ಸುತ್ತ ಓಡಾಡುವ ವಾಹನಗಳಲ್ಲಿ ಹೆಚ್ಚಿನವು ಹೀಗೆ ಹಿಂದಿನಿಂದ ತಳ್ಳಿಸಿಕೊಂಡೇ ಹೋಗುತ್ತವೆ. ಮಂಡ್ಯದಿಂದ ಮಳವಳ್ಳಿಗೆ ಹೋಗುವ ಬಸ್ಸು, ಆಟೋ, ಬೈಕು, ಕಬ್ಬು ಹೇರಿಕೊಂಡು ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರ್, ಎಲ್ಲದರಲ್ಲೂ ಎಂಜಿನ್ ತಿರುಗಿಸುವುದು ಹಿಂದಿನ ಚಕ್ರವನ್ನು. ನಿಮ್ಮ ಸೈಕಲ್ಲೂ ಅಷ್ಟೆ. ಪೆಡಲ್ ತುಳಿದಾಗ ಚೈನು ಹಿಂದಿನ ಚಕ್ರವನ್ನು ತಿರುಗಿಸುತ್ತದೆ, ಮುಂದಿನದು ಸುಮ್ಮನೆ ಉರುಳುತ್ತದೆ. ಇದಕ್ಕೆ ಹಿಂಚಕ್ರ ಚಾಲನೆ ಎಂದು ಹೆಸರು. ಒಣ ರಸ್ತೆಯಲ್ಲಿ ಇದರಿಂದ ಏನೂ ತೊಂದರೆಯಿಲ್ಲ. ನೆಲ ಜಾರತೊಡಗಿದಾಗ ಮಾತ್ರ ಗಾಡಿಗೆ ಆ ಎತ್ತುಗಳ ಕಥೆ ನೆನಪಾಗುತ್ತದೆ.

ನನ್ನ ಅಕ್ಕನ ಮಗ ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿದ್ದಾನೆ. ಹುಟ್ಟಿ ಬೆಳೆದದ್ದು ಮಳವಳ್ಳಿಯಲ್ಲಿ. ಅವನಿಗೆ ಚಿಕ್ಕಂದಿನಿಂದಲೂ ಸ್ಪೋರ್ಟ್ಸ್ ಕಾರಿನ ಹುಚ್ಚು. ಅಲ್ಲಿ ಎರಡು ಬಾಗಿಲಿನ ಹಳೆಯದೊಂದನ್ನು ಕೊಂಡ. ಎಂಜಿನ್ ಮುಂದೆ, ತಳ್ಳುವ ಚಕ್ರ ಹಿಂದೆ. ಬೇಸಿಗೆಯಲ್ಲಿ ಬಾಣದಂತೆ ಓಡುತ್ತಿದ್ದ ಕಾರು ಹಿಮ ಬಿದ್ದ ದಿನ ಮನೆಯ ಮುಂದಿನ ಸಣ್ಣ ಏರು ಹತ್ತಲಿಲ್ಲ. ಫೋನಿನಲ್ಲಿ ಹೇಳಿದ: "ಮಾವ, ಚಕ್ರ ಗಿರಗಿರ ತಿರುಗ್ತದೆ, ಕಾರು ಇದ್ದಲ್ಲೇ ಇರ್ತದೆ. ಕೊನೆಗೆ ಡಿಕ್ಕಿಗೆ ಮರಳಿನ ಚೀಲ ಹಾಕ್ದೆ, ಆಗ ಹತ್ತಿತು." ಕಾರನ್ನು ಹಗುರ ಮಾಡುವುದು ಬಿಟ್ಟು ಭಾರ ಮಾಡಿದರೆ ಅದು ಏರು ಹತ್ತುವುದೇ?

ಹತ್ತುತ್ತದೆ. ಯಾಕೆಂದು ನೋಡೋಣ.

ಕಾರು ಎಷ್ಟೇ ದೊಡ್ಡದಿರಲಿ, ಅದರ ಒಂದೊಂದು ಟೈರು ನೆಲವನ್ನು ಮುಟ್ಟುವುದು ಸುಮಾರು ದೊಡ್ಡವರ ಅಂಗೈ ಅಗಲದಷ್ಟು ಜಾಗದಲ್ಲಿ ಮಾತ್ರ. ನಾಲ್ಕು ಅಂಗೈಗಳ ಮೇಲೆ ಸಾವಿರ ಕಿಲೋಗೂ ಹೆಚ್ಚಿನ ಕಾರು ನಿಂತಿರುತ್ತದೆ! ಎಂಜಿನ್ನಿನ ಶಕ್ತಿಯೆಲ್ಲ ನೆಲಕ್ಕೆ ತಲುಪಬೇಕಾದದ್ದು ಆ ಅಂಗೈಗಳ ಮೂಲಕವೇ. ಅಲ್ಲಿ ರಬ್ಬರು ನೆಲವನ್ನು ಹಿಡಿಯುವ ಬಲವೇ ಘರ್ಷಣೆ. ಘರ್ಷಣೆ ಎರಡು ಸಂಗತಿಗಳನ್ನು ಅವಲಂಬಿಸಿದೆ: ನೆಲ ಎಂಥದ್ದು, ಮತ್ತು ಆ ಚಕ್ರದ ಮೇಲೆ ಎಷ್ಟು ಭಾರ ಕೂತಿದೆ. ಚಕ್ರದ ಮೇಲೆ 100 ಕಿಲೋ ಭಾರವಿದೆ ಎಂದುಕೊಳ್ಳಿ. ಒಣಗಿದ ಟಾರು ರಸ್ತೆಯಲ್ಲಿ ಅದು ಸುಮಾರು 70 ಕಿಲೋ ಭಾರಕ್ಕೆ ಸಮನಾದ ಬಲದಿಂದ ನೆಲವನ್ನು ಒದೆಯಬಲ್ಲದು. ಮಳೆಯಲ್ಲಿ ನೆಂದ ರಸ್ತೆಯಲ್ಲಿ ಸುಮಾರು 50. ಗಟ್ಟಿಯಾಗಿ ತುಳಿದ ಹಿಮದ ಮೇಲೆ 20ರಿಂದ 30. ಮಂಜುಗಡ್ಡೆಯ ಮೇಲೆ 10ರ ಆಸುಪಾಸು. ಅದಕ್ಕಿಂತ ಹೆಚ್ಚು ಒದೆಯಲು ಹೋದರೆ ಚಕ್ರ ಜಾರಿ ಇದ್ದಲ್ಲೇ ತಿರುಗುತ್ತದೆ.

ಎಂಜಿನ್ ಮುಂದಿರುವ ಕಾರಿನ ಮೂತಿ ಭಾರ, ಬಾಲ ಹಗುರ. ಒದೆಯಬೇಕಾದ ಚಕ್ರ ಹಗುರವಾದ ಬಾಲದಲ್ಲಿದೆ. ಮರಳಿನ ಚೀಲ ಆ ಚಕ್ರಗಳನ್ನು ನೆಲಕ್ಕೆ ಒತ್ತಿತು, ಘರ್ಷಣೆ ಹೆಚ್ಚಿತು. ಇದು ಯಾವ ಕಾಲೇಜಿಗೂ ಹೋಗದೆ ನಮ್ಮ ಜಿಲ್ಲೆಯ ಚಾಲಕರಿಗೆ ಗೊತ್ತಿದ್ದ ವಿದ್ಯೆ. ನಾನು ಕಾರು ಕಲಿತದ್ದು ನಮ್ಮ ಮನೆಯ ಅಂಬಾಸಿಡರಿನಲ್ಲಿ. 1958ರಿಂದ 2014ರವರೆಗೆ ನಮ್ಮ ದೇಶದಲ್ಲಿ ತಯಾರಾದ ಈ ಕಾರಿನ ಹಿಂದಿನ ಸೀಟಿನ ಕಾಲ ಬಳಿ ನೆಲ ಉಬ್ಬಿಕೊಂಡಿರುತ್ತಿತ್ತು. ಮುಂದಿನ ಎಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ತಿರುಗುಬಲವನ್ನು ಒಯ್ಯುವ ಉದ್ದನೆಯ ಕಬ್ಬಿಣದ ಶಾಫ್ಟು ಅದರ ಅಡಿಯಲ್ಲಿ ಹೋಗುತ್ತಿತ್ತು. ಕೆ.ಎಂ.ದೊಡ್ಡಿಯ ಆಚೆ ಒಂದು ನಾಲೆ ಏರಿಯ ಮೇಲೆ, ಭತ್ತದ ನಾಟಿಯ ಕಾಲದಲ್ಲಿ, ಆ ಕಾರು ಕೆಸರಿಗೆ ಸಿಕ್ಕಿಕೊಂಡಿತು. ಹಿಂದಿನ ಚಕ್ರ ತಿರುಗಿ ಕೆಸರನ್ನು ಎರಚಿತೇ ಹೊರತು ಗಾಡಿ ಅಲುಗಲಿಲ್ಲ. ಗದ್ದೆಯಲ್ಲಿದ್ದ ಹಿರಿಯರೊಬ್ಬರು ಬಂದರು. ತಳ್ಳಲು ಹೊರಟ ನಾಲ್ಕು ಜನರನ್ನು ತಡೆದು, "ಇಬ್ಬರು ಡಿಕ್ಕಿ ಅದುಮಿ ಹಿಡ್ಕಳ್ರಪ್ಪ, ಉಳಿದೋರು ತಳ್ಳಿ" ಎಂದರು. ಕಬ್ಬಿನ ಸೋಗೆ ತಂದು ಹಿಂದಿನ ಚಕ್ರಗಳ ಮುಂದೆ ತುರುಕಿದರು. ನನಗೆ ಹೇಳಿದ್ದು ಒಂದೇ ಮಾತು: "ಎರಡನೇ ಗೇರಿನಾಗೆ, ಮೆತ್ತಗೆ." ಕಾರು ಹಸುವಿನಂತೆ ಎದ್ದು ಬಂತು.

ಎರಡನೇ ಗೇರು ಯಾಕೆ ಗೊತ್ತೇ? ಮೊದಲನೇ ಗೇರಿನಲ್ಲಿ ಚಕ್ರಕ್ಕೆ ತಿರುಗುಬಲ ಹೆಚ್ಚು. ಕೆಸರಿನಲ್ಲಿ ಅಷ್ಟು ಬಲ ಬಂದರೆ ಚಕ್ರ ತಕ್ಷಣ ಜಾರುತ್ತದೆ. ಬಲ ಕಡಿಮೆ ಕೊಟ್ಟರೆ ಹಿಡಿತ ಉಳಿಯುತ್ತದೆ. ಮಾಂಟ್ರಿಯಲ್ಲಿನ ಹಿಮದಲ್ಲೂ ಗೇರಿನ ಕಾರು ಓಡಿಸುವವರು ಇದನ್ನೇ ಮಾಡುತ್ತಾರೆ.

ಹಾಗಾದರೆ ಸ್ಪೋರ್ಟ್ಸ್ ಕಾರಿನವರು ಹಿಂದಿನ ಚಕ್ರವನ್ನೇ ಯಾಕೆ ಆರಿಸಿಕೊಂಡರು ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಬಸ್ಸು ತಟ್ಟನೆ ಹೊರಟಾಗ ನಿಂತವರು ಹಿಂದಕ್ಕೆ ವಾಲುತ್ತಾರೆ, ಅಲ್ಲವೇ? ಕಾರು ಜೋರಾಗಿ ಮುನ್ನುಗ್ಗುವಾಗಲೂ ಅದರ ಭಾರದ ಒಂದು ಪಾಲು ಹಿಂದಿನ ಚಕ್ರಗಳ ಮೇಲೆ ಬೀಳುತ್ತದೆ. ಆಗ ಹಿಂದಿನ ಚಕ್ರಕ್ಕೆ ಹಿಡಿತ ಹೆಚ್ಚು. ಮುಂದಿನ ಚಕ್ರಗಳಿಗೆ ತಿರುವು ಮಾಡುವ ಕೆಲಸ ಮಾತ್ರ ಉಳಿಯುತ್ತದೆ. (ಕಬ್ಬಿನ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಏರಿನಲ್ಲಿ ಮುಂಗಾಲು ಎತ್ತಿದ ಕುದುರೆಯಂತೆ ಮೂತಿ ಎತ್ತುವುದನ್ನು ನೋಡಿದ್ದೀರಾ? ಅದೂ ಇದೇ ಜಾತಿಯ ಸಂಗತಿ. ಅದರ ಹತ್ತಿರ ನಿಲ್ಲಬೇಡಿ. ನೆಲದಿಂದ ಎದ್ದ ಮುಂದಿನ ಚಕ್ರ ಯಾವ ಕಡೆಗೂ ತಿರುಗಿಸಲಾರದು.) ಆದರೆ ಹಿಮದಲ್ಲಿ ಯಾವ ಕಾರೂ ಜೋರಾಗಿ ಮುನ್ನುಗ್ಗಲಾರದು. ಮುನ್ನುಗ್ಗದಿದ್ದರೆ ಭಾರ ಹಿಂದಕ್ಕೆ ಸರಿಯುವುದೂ ಇಲ್ಲ. ಒಣ ರಸ್ತೆಯಲ್ಲಿದ್ದ ಲಾಭ ಹಿಮದಲ್ಲಿ ಕರಗಿಹೋಯಿತು.

ಎಂಜಿನ್ನನ್ನೇ ಹಿಂದಿಟ್ಟರೆ? ಅದನ್ನೂ ಮಾಡಿದ್ದಾರೆ. ಜರ್ಮನಿಯಲ್ಲಿ 1963ರಲ್ಲಿ ಮೊದಲು ಪ್ರದರ್ಶಿಸಿದ ಪೋರ್ಷೆ 911 ಎಂಬ ಸ್ಪೋರ್ಟ್ಸ್ ಕಾರಿನಲ್ಲಿ ಎಂಜಿನ್ ಹಿಂದಿನ ಚಕ್ರಗಳಿಗಿಂತಲೂ ಹಿಂದಿದೆ. ನಮ್ಮ ದೇಶದಲ್ಲಿ 2009ರಲ್ಲಿ ಮಾರಾಟಕ್ಕೆ ಬಂದ ಪುಟ್ಟ ಟಾಟಾ ನ್ಯಾನೋದಲ್ಲೂ ಎಂಜಿನ್ ಹಿಂದೆಯೇ ಇತ್ತು. ಇಂಥ ಕಾರು ತನ್ನ ಮರಳಿನ ಚೀಲವನ್ನು ತಾನೇ ಹೊತ್ತುಕೊಂಡಿರುತ್ತದೆ! ಇನ್ನು 1983ರಲ್ಲಿ ಬಂದ ಮಾರುತಿ 800 ಎತ್ತಿನ ಗಾಡಿಯ ದಾರಿಯನ್ನು ಹಿಡಿಯಿತು: ಎಂಜಿನ್ನೂ ಮುಂದೆ, ಎಳೆಯುವ ಚಕ್ರವೂ ಮುಂದೆ. ಇಂದಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಅದೇ ಜಾತಿ.

ಏರು ಹತ್ತದಿರುವುದು ದೊಡ್ಡ ಅಪಾಯವಲ್ಲ. ಅಪಾಯ ಇರುವುದು ತಿರುವಿನಲ್ಲಿ. ಟೈರಿನ ಹಿಡಿತವನ್ನು ಒಂದು ಸೇರು ರಾಗಿ ಹಿಟ್ಟು ಎಂದುಕೊಳ್ಳಿ. ಮುದ್ದೆಗೆ ಹೆಚ್ಚು ಸುರಿದರೆ ರೊಟ್ಟಿಗೆ ಕಡಿಮೆಯಾಗುತ್ತದೆ. ಟೈರು ತನ್ನ ಹಿಡಿತದಿಂದಲೇ ಮುಂದಕ್ಕೆ ಒದೆಯಬೇಕು, ಅದರಿಂದಲೇ ತಿರುವಿನಲ್ಲಿ ಪಕ್ಕಕ್ಕೆ ಜಾರದಂತೆ ನಿಲ್ಲಬೇಕು. ಹಿಮದಲ್ಲಿ ಇರುವುದೇ ಕಾಲು ಸೇರು. ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಹಿಂದಿನ ಚಕ್ರ ಹಿಟ್ಟನ್ನೆಲ್ಲ ಒದೆಯುವುದಕ್ಕೇ ಖರ್ಚು ಮಾಡುತ್ತದೆ. ಪಕ್ಕಕ್ಕೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ಕಾರಿನ ಬಾಲ ಹೊರಗೆ ಬೀಸಿ, ಮೂತಿಯನ್ನು ದಾಟಿ ಮುಂದೆ ಹೋಗಲು ನೋಡುತ್ತದೆ. ಆಗ ಬಲ್ಲವರು ಬ್ರೇಕ್ ಅದುಮುವುದಿಲ್ಲ. ಆಕ್ಸಿಲರೇಟರಿನಿಂದ ಕಾಲನ್ನು ನಿಧಾನವಾಗಿ ಸಡಿಲಿಸಿ, ಬಾಲ ಎಡಕ್ಕೆ ಹೋದರೆ ಸ್ಟಿಯರಿಂಗನ್ನೂ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ ತಿರುಗಿಸುತ್ತಾರೆ. ಮುಂದಿನ ಚಕ್ರ ಜಾರುವ ದಿಕ್ಕಿಗೇ ಮುಖ ಮಾಡಿದಾಗ ಮತ್ತೆ ಉರುಳತೊಡಗುತ್ತದೆ, ಕಾರು ನೆಟ್ಟಗಾಗುತ್ತದೆ.

ಹಿಮದ ನಾಡಿನವರು ಟೈರನ್ನೇ ಬದಲಿಸುತ್ತಾರೆ. ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುವಂತೆ ಸಾಮಾನ್ಯ ಟೈರಿನ ರಬ್ಬರು ತಾಪ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದಾಗ ಬಿಗಿಯಾಗುತ್ತದೆ. ಚಳಿಗಾಲದ ಟೈರಿನ ರಬ್ಬರು ಮೃದುವಾಗಿಯೇ ಉಳಿಯುತ್ತದೆ. ಅದರ ಸಣ್ಣ ಸಣ್ಣ ಸೀಳುಗಳಲ್ಲಿ ಹಿಮ ತುಂಬಿಕೊಳ್ಳುತ್ತದೆ. ಹಿಮಕ್ಕೆ ಹಿಮ ಚೆನ್ನಾಗಿ ಅಂಟುತ್ತದೆ! ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯದಲ್ಲಿ 2008ರಿಂದ ಚಳಿಗಾಲದ ಟೈರು ಕಾನೂನಿನಂತೆ ಕಡ್ಡಾಯ. ನಮ್ಮ ಲಡಾಖಿನಲ್ಲಿ, 5,300 ಮೀಟರಿಗೂ ಎತ್ತರದ ಖಾರ್ದುಂಗ್ ಲಾ ಕಣಿವೆದಾರಿಯಲ್ಲಿ, ಲಾರಿಗಳ ಚಕ್ರಕ್ಕೆ ಕಬ್ಬಿಣದ ಸರಪಳಿ ಸುತ್ತುತ್ತಾರೆ. ಸರಪಳಿ ಮಂಜುಗಡ್ಡೆಯನ್ನು ಕಚ್ಚಿ ಹಿಡಿಯುತ್ತದೆ. ಮದ್ದೂರಿನ ಗದ್ದೆಗಳಲ್ಲಿ ಟ್ರ್ಯಾಕ್ಟರಿಗೆ ಹಾಕುವ ಕಬ್ಬಿಣದ ಕೇಜ್ ವೀಲ್ ಕೆಸರಿನಲ್ಲಿ ಮಾಡುವುದೂ ಅದನ್ನೇ. ಟ್ರ್ಯಾಕ್ಟರಿನ ದೊಡ್ಡ ಹಿಂದಿನ ಟೈರುಗಳ ಒಳಗೆ ನೀರು ತುಂಬಿಸುವುದೂ ಉಂಟು. ಅದು ನಮ್ಮೂರಿನ ಮರಳಿನ ಚೀಲ.

ಒಂದು ವಿಷಯದಲ್ಲಿ ಮಾತ್ರ ಎಲ್ಲ ಕಾರುಗಳೂ ಸಮಾನ. ನಿಲ್ಲಿಸುವಾಗ ನಾಲ್ಕೂ ಚಕ್ರಗಳಿಗೆ ಬ್ರೇಕ್ ಹಿಡಿಯುತ್ತದೆ. ಹಾಗಾಗಿ ಎಂಜಿನ್ ತಿರುಗಿಸುವುದು ಮುಂದಿನದನ್ನೋ ಹಿಂದಿನದನ್ನೋ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಗಂಟೆಗೆ 40 ಕಿಲೋಮೀಟರ್ ವೇಗದ ಕಾರು ಬ್ರೇಕ್ ಹಿಡಿದ ಮೇಲೆ ಒಣ ಟಾರಿನಲ್ಲಿ ಸುಮಾರು 9 ಮೀಟರ್ ಹೋಗಿ ನಿಲ್ಲುತ್ತದೆ. ತುಳಿದ ಹಿಮದಲ್ಲಿ ಸುಮಾರು 30 ಮೀಟರ್ ಬೇಕು. ಮಂಜುಗಡ್ಡೆಯ ಮೇಲೆ 60 ಮೀಟರೂ ಸಾಲದು.

ನಮ್ಮಲ್ಲಿ ಹಿಮ ಬೀಳುವುದಿಲ್ಲ, ನಮಗೇಕೆ ಈ ಚಿಂತೆ ಎನ್ನುವಿರಾ? ಡಿಸೆಂಬರಿನಿಂದ ಫೆಬ್ರವರಿಯವರೆಗೆ ಮಳವಳ್ಳಿ, ಮದ್ದೂರು ಸುತ್ತಿನ ಹಳ್ಳಿ ರಸ್ತೆಗಳಲ್ಲಿ ಹೋಗಿ ನೋಡಿ. ಟಾರಿನ ಮೇಲೆ ಹುರುಳಿ, ರಾಗಿ ಹರಡಿರುತ್ತಾರೆ. ವಾಹನಗಳು ಓಡಾಡಿ ಒಕ್ಕಣೆಯಾಗಲಿ ಎಂದು. ನಾನಂತೂ ಇದನ್ನು ನಮ್ಮ ಜಿಲ್ಲೆಯ ಹಿಮ ಎಂದೇ ಕರೆಯುತ್ತೇನೆ. ರಾಗಿಯ ಕಾಳು ದುಂಡಗಿದೆ. ಟೈರಿನಡಿ ಸಾವಿರಾರು ಗುಂಡುಗಳಂತೆ ಉರುಳುತ್ತದೆ. ಒಣಗಿದ ಹುರುಳಿ ಕಡ್ಡಿ ಒಂದರ ಮೇಲೊಂದು ಸರಿಯುತ್ತದೆ, ರಬ್ಬರಿಗೆ ಟಾರು ಸಿಗುವುದೇ ಇಲ್ಲ. ಕಡ್ಡಿ ಚಕ್ರದ ಇರುಸಿಗೆ ಸುತ್ತಿಕೊಂಡು, ಬಿಸಿಯಾದ ಸೈಲೆನ್ಸರ್ ತಾಗಿ ಹೊತ್ತಿಕೊಳ್ಳುವುದೂ ಉಂಟು.

ಒಂದು ಸಂಜೆ ನನ್ನ ಮುಂದೆಯೇ ಒಂದು ಬೈಕು ಹುರುಳಿಯ ರಾಶಿಗೆ ನುಗ್ಗಿತು. ತಂದೆ ಓಡಿಸುತ್ತಿದ್ದರು, ಹಿಂದೆ ಆರನೇ ತರಗತಿಯ ಮಗಳು. ಅವರೇನೂ ವೇಗವಾಗಿ ಹೋಗುತ್ತಿರಲಿಲ್ಲ. ಆದರೆ ರಾಶಿಯ ಮೇಲೆ ಬ್ರೇಕ್ ಹಿಡಿದ ಕೂಡಲೇ ಬೈಕಿನ ಬಾಲ ಬೀಸಿತು. ಹುಡುಗಿಯ ಮೊಣಕೈ ಮುರಿಯಿತು. ಎರಡು ತಿಂಗಳು ಅವಳು ಬಲಗೈಯಲ್ಲಿ ಬರೆಯಲಿಲ್ಲ.

ರೈತನನ್ನು ಬೈಯುವುದು ಸುಲಭ. ಸಗಣಿ ಸಾರಿಸಿದ ಕಣ, ರೋಣಗಲ್ಲು, ಎತ್ತು, ಕೆಲಸಕ್ಕೆ ಜನ ಎಲ್ಲವೂ ಈಗ ಕಷ್ಟ. ಟಾರು ರಸ್ತೆ ಗಟ್ಟಿಯಾಗಿದೆ, ಬಿಸಿಲಿದೆ, ಚಕ್ರ ಪುಕ್ಕಟೆ. ಆದರೂ ಊರಿಗೊಂದು ಒಳ್ಳೆಯ ಸಿಮೆಂಟ್ ಕಣ ಇದ್ದು ಅದು ಎಲ್ಲರ ಬಳಕೆಗೆ ಸಿಕ್ಕರೆ ಈ ಹಿಮ ತಾನಾಗಿ ಕರಗುತ್ತದೆ ಎಂಬುದು ನನ್ನ ಎಣಿಕೆ. ಅಲ್ಲಿಯವರೆಗೆ ರಾಶಿ ಕಂಡರೆ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ದಾಟಿ. ಬೈಕಿನಲ್ಲಿ ಹಿಂದೆ ಕೂತಿದ್ದರೆ ದೂರದಿಂದಲೇ ಅಪ್ಪನ ಭುಜ ತಟ್ಟಿ ಹೇಳಿ: ರಾಶಿಗೆ ಬರುವ ಮುಂಚೆಯೇ ವೇಗ ಇಳಿಸಬೇಕು, ರಾಶಿಯ ಮೇಲೆ ಬ್ರೇಕೂ ಬೇಡ, ತಿರುವೂ ಬೇಡ.

ಇದನ್ನು ಮಾಡಿ ನೋಡಿ. ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯ ಒಂದು ತುಂಡು ತೆಗೆದುಕೊಳ್ಳಿ. ಅದರ ತುದಿಗೆ ತೂತು ಮಾಡಿ ರಬ್ಬರ್ ಬ್ಯಾಂಡ್ ಕಟ್ಟಿ. ಅಟ್ಟೆಯ ಮೇಲೆ ಒಂದು ಕಲ್ಲಿಡಿ. ಶಾಲೆಯ ಸಿಮೆಂಟ್ ನೆಲದ ಮೇಲೆ ಬ್ಯಾಂಡನ್ನು ನಿಧಾನವಾಗಿ ಎಳೆಯುತ್ತಾ ಹೋಗಿ. ಅಟ್ಟೆ ಅಲುಗುವ ಕ್ಷಣದಲ್ಲಿ ಬ್ಯಾಂಡ್ ಎಷ್ಟು ಉದ್ದವಾಗಿದೆ ಎಂದು ಗೆಳೆಯರೊಬ್ಬರು ಸ್ಕೇಲಿನಿಂದ ಅಳೆಯಲಿ. ಅದೇ ಕಲ್ಲಿನೊಂದಿಗೆ ನೆಂದ ನೆಲದ ಮೇಲೆ, ಆಮೇಲೆ ಒಣ ನೆಲಕ್ಕೆ ಒಂದು ಹಿಡಿ ರಾಗಿ ಚೆಲ್ಲಿ ಅದರ ಮೇಲೆ ಅಳೆಯಿರಿ. ಕೊನೆಗೆ ಕಲ್ಲಿನ ಮೇಲೆ ಇನ್ನೊಂದು ಕಲ್ಲಿಟ್ಟು ಮತ್ತೊಮ್ಮೆ. ಎಲ್ಲ ಅಳತೆಗಳನ್ನೂ ನೋಟ್ ಪುಸ್ತಕದಲ್ಲಿ ಬರೆದುಕೊಂಡು ನಿಮ್ಮ ವಿಜ್ಞಾನದ ಮೇಷ್ಟರಿಗೆ ಅಥವಾ ಟೀಚರಿಗೆ ತೋರಿಸಿ. ರಾಗಿಯನ್ನು ಮರೆಯದೆ ಗುಡಿಸಿ ಕೋಳಿಗೆ ಹಾಕಿ.