ಮಾನಿಟರಿನ ಆಯ್ಕೆ

ಮಾನಿಟರನ್ನು ಆರಿಸುವುದು ಉಪಾಧ್ಯಾಯರಿಗೆ ಹೊಸ ಕೆಲಸವೇನೂ ಅಲ್ಲ. ವರ್ಷವರ್ಷವೂ ಜೂನ್ ತಿಂಗಳಿನಲ್ಲಿ ತರಗತಿಯ ಮುಂದೆ ನಿಂತು, ಗಟ್ಟಿ ಧ್ವನಿಯ ಹುಡುಗನನ್ನೋ ಹುಡುಗಿಯನ್ನೋ ಆರಿಸುತ್ತೇವೆ. ಆದರೆ ಈ ವರ್ಷ ನಾವು ಆರಿಸಬೇಕಾಗಿ ಬಂದದ್ದು ಕಂಪ್ಯೂಟರಿನ ಮಾನಿಟರನ್ನು. ಅದಕ್ಕೆ ನಾವು ಪಡೆದ ಶಿಕ್ಷಕ ತರಬೇತಿ ಯಾವ ನೆರವನ್ನೂ ನೀಡಲಿಲ್ಲ.

ಕಾರಣವನ್ನು ಹೇಳಲು ನಾಚಿಕೆ, ಆದರೂ ಹೇಳುತ್ತೇವೆ. ಭಾನುವಾರಗಳಲ್ಲಿ ಕೂನೂರಿನ ಕೆಲವು ಮಕ್ಕಳಿಗೆ ನಾವು ಕನ್ನಡ ಹೇಳಿಕೊಡುತ್ತೇವೆ. ಬೀದಿಯ ಬೋರ್ಡುಗಳು ತಮಿಳು, ಇಂಗ್ಲಿಷುಗಳಲ್ಲಿರುವ ಈ ಊರಿನಲ್ಲಿ ಆ ಮಕ್ಕಳ ಕಣ್ಣಿಗೆ ಬೀಳುವ ಕನ್ನಡವೆಂದರೆ ಬಹುಮಟ್ಟಿಗೆ ನಾವು ಅಚ್ಚುಮಾಡಿ ಕೊಡುವ ಹಾಳೆಯೇ. ತಮಿಳು ಲಿಪಿಯಲ್ಲಿ ಮಹಾಪ್ರಾಣಕ್ಕೆ ಬೇರೆ ಅಕ್ಷರವಿಲ್ಲ. ಆದುದರಿಂದ ‘ದ’ಕಾರದ ಹೊಟ್ಟೆಯನ್ನು ಸೀಳಿ ‘ಧ’ಕಾರ ಮಾಡುವುದನ್ನು ಇಲ್ಲಿ ಮತ್ತೆ ಮತ್ತೆ ತೋರಿಸಬೇಕಾಗುತ್ತದೆ. ಒಂದು ದಿನ ಬಾಲಕನೊಬ್ಬನು ‘ದನವಂತ’ ಎಂದು ಹತ್ತು ಸಲ ಬರೆದು ತಂದನು. ಹತ್ತಕ್ಕೂ ಕೆಂಪು ಶಾಯಿಯ ಗೀಟು ಹಾಕಿದೆವು. ಅವನು ಅಳುಮೋರೆಯಿಂದ, “ಸಾರ್, ನೀವು ಕೊಟ್ಟ ಹಾಳೆಯಲ್ಲಿ ಹೀಗೇ ಇದೆ” ಎಂದನು. ನೋಡಿದೆವು, ಹಾಗೆಯೇ ಇತ್ತು. ಮಂಕಾದ ಹಳೆಯ ಪರದೆಯ ಮೇಲೆ ಸೀಳು ಇದೆಯೋ ಇಲ್ಲವೋ ಕಾಣದೆ, ಧನವಂತನನ್ನು ದನವಂತನನ್ನಾಗಿ ಮಾಡಿದವರು ನಾವೇ. ಆ ಗೀಟುಗಳು ನಮಗೆ ಸಲ್ಲಬೇಕಾಗಿದ್ದುವು.

ಹೊಸ ಪರದೆಯನ್ನು ಕೊಳ್ಳುವುದೆಂದು ನಿಶ್ಚಯವಾದೊಡನೆ ನಮ್ಮ ಹನ್ನೆರಡು ವರ್ಷದ ಮಗನು ಆಟದ ಮಾತನ್ನು ತೆಗೆದನು. ಅವನಿಗೆ 27 ಅಂಗುಲದ್ದೇ ಬೇಕು; 144 ಹರ್ಟ್ಸ್ ಇರಲೇಬೇಕು. ಕಲ್ಲಾರಿನಿಂದ ಹಲ್ಲುಹಳಿಯನ್ನು ಕಚ್ಚಿಕೊಂಡು ಮೆಲ್ಲಮೆಲ್ಲನೆ ಏರಿಬರುವ ರೈಲಿನ ಊರಿನವರಾದ ನಮಗೆ ಅಷ್ಟು ವೇಗ ಏತಕ್ಕೆಂಬುದು ತಿಳಿಯಲಿಲ್ಲ. ಅವನೇ ವಿವರಿಸಿದನು: 60 ಹರ್ಟ್ಸಿನ ಪರದೆ ಸೆಕೆಂಡಿಗೆ 60 ಸಲ, ಎಂದರೆ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ ಚಿತ್ರವನ್ನು ಹೊಸದಾಗಿ ತೋರಿಸುತ್ತದೆ. 144 ಹರ್ಟ್ಸಿನದು ಸುಮಾರು 6.9 ಮಿಲಿಸೆಕೆಂಡಿಗೊಮ್ಮೆ. ಆದ್ದರಿಂದ ಆಟದಲ್ಲಿ ಓಡುವುದು ತಡವರಿಸದೆ ಓಡುತ್ತದೆ. ಅವನಿಗೆ ಭಾಗಾಕಾರ ಕಲಿಸಿದವರು ನಾವೇ ಆದುದರಿಂದ ವಾದಿಸುವಂತಿರಲಿಲ್ಲ.

ಅಂಗಡಿಗೆ ಹೋಗುವಾಗ ಪೆನ್ ಡ್ರೈವಿನಲ್ಲಿ ಆ ಪಾಠದ ಹಾಳೆಯನ್ನೇ ಕೊಂಡೊಯ್ದೆವು. ಅಂಗಡಿಯವರು ತಮಿಳರು, ನಮ್ಮ ಅಕ್ಷರ ಅವರಿಗೆ ಬಾರದು. ಆದರೂ ಬೇಸರಪಡದೆ ಒಂದೊಂದು ಪರದೆಯ ಮೇಲೂ ಹಾಳೆಯನ್ನು ತೆರೆದು ತೋರಿಸಿದರು. ಮಗನು ಮೆಚ್ಚಿದ 27 ಅಂಗುಲದ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳು. 24 ಅಂಗುಲದ್ದರಲ್ಲಿಯೂ ಅಷ್ಟೇ ಚುಕ್ಕಿಗಳು. ದೊಡ್ಡದರಲ್ಲಿ ಅವು ಅಂಗುಲಕ್ಕೆ ಸುಮಾರು 82ರಂತೆ ಹರಡಿಕೊಂಡು ಅಕ್ಷರದ ಅಂಚು ಒರಟಾಗಿದ್ದಿತು; ಚಿಕ್ಕದರಲ್ಲಿ ಸುಮಾರು 92ರಂತೆ ಒತ್ತಾಗಿ ಕುಳಿತು ಸೀಳು ಸ್ಪಷ್ಟವಾಗಿ ಕಂಡಿತು. 2560ಕ್ಕೆ 1440 ಚುಕ್ಕಿಗಳ ಇನ್ನೊಂದು 27 ಅಂಗುಲದ ಪರದೆ ಎಲ್ಲಕ್ಕಿಂತ ಚೆನ್ನಾಗಿದ್ದಿತು; ಅಂಗುಲಕ್ಕೆ ಸುಮಾರು 109 ಚುಕ್ಕಿ. ಆದರೆ ಸುಮಾರು ಮುಕ್ಕಾಲು ಪಾಲು ಹೆಚ್ಚು ಚುಕ್ಕಿಗಳನ್ನು ಆಟದ ವೇಗದಲ್ಲಿ ತುಂಬುವ ಶಕ್ತಿ ನಮ್ಮ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿಗಿಲ್ಲ. ಅದರ ಬೆಲೆ ತೆರುವ ಶಕ್ತಿ ನಮಗೂ ಇಲ್ಲ.

ಪಕ್ಕಕ್ಕೆ ಸರಿದು ನಿಂತೂ ನೋಡಿದೆವು. ವಿಎ ಎಂಬ ಬಗೆಯದರಲ್ಲಿ ಕಪ್ಪು ಗಾಢವಾಗಿದ್ದರೂ ಓರೆಯಿಂದ ಬಣ್ಣ ಪೇಲವವಾಗಿದ್ದಿತು. ಐಪಿಎಸ್ ಬಗೆಯದು ಅಷ್ಟಾಗಿ ಮಾಸಲಿಲ್ಲ. ನಾಲ್ಕು ಮಕ್ಕಳು ಸುತ್ತ ಕುಳಿತು ನೋಡುವ ಮನೆಗೆ ಅದೇ ತಕ್ಕದ್ದು. ಕೊನೆಗೆ ಮಗನು ಗಾತ್ರವನ್ನು ಬಿಟ್ಟುಕೊಟ್ಟನು, ನಾವು ವೇಗವನ್ನು ಒಪ್ಪಿಕೊಂಡೆವು: 24 ಅಂಗುಲ, ಐಪಿಎಸ್, 144 ಹರ್ಟ್ಸ್.

ಮನೆಯಲ್ಲಿ ಅದನ್ನು ಜೋಡಿಸಿದಾಗ ಆಟ ಹಿಂದಿನಂತೆಯೇ ಓಡಿತು. ಮೋಸಹೋದೆವೆಂದು ನಾವು ಗಾಬರಿಗೊಂಡಿರುವಾಗ ಮಗನು ಸೆಟ್ಟಿಂಗ್ಸ್ ತೆರೆದು, “ಅಪ್ಪಾ, ಇದು ಇನ್ನೂ 60ರಲ್ಲೇ ನಿಂತಿದೆ” ಎಂದು ನಕ್ಕು 144ಕ್ಕೆ ಬದಲಾಯಿಸಿದನು. ಆ ದಿನದ ಉಪಾಧ್ಯಾಯ ಅವನೇ.

ಮುಂದಿನ ಭಾನುವಾರ ತಿದ್ದಿದ ಹಾಳೆಯನ್ನು ಮೊದಲು ಆ ಬಾಲಕನಿಗೆ ಕೊಟ್ಟು, ಹಿಂದಿನ ತಪ್ಪು ನಮ್ಮದೆಂದು ಎಲ್ಲರೆದುರು ಹೇಳಿದೆವು. ಅವನು ಹಾಳೆಯನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ಪರೀಕ್ಷಿಸಿ, “ಈಗ ಹೊಟ್ಟೆ ಸೀಳಿದೆ, ಸಾರ್” ಎಂದನು. ನಾವು ಅವನ ಹಳೆಯ ಪುಸ್ತಕವನ್ನು ತರಿಸಿಕೊಂಡು ಹತ್ತು ಗೀಟುಗಳ ಪಕ್ಕದಲ್ಲಿಯೂ ನಮ್ಮ ರುಜು ಹಾಕಿದೆವು.