ಅಜ್ಜಿ ಕೊಟ್ಟ ಬಿಲ್ಲು

ಬಿಲ್ಲು-ಬಾಣ ಎಂದರೆ ಕಾಸರಗೋಡಿನ ಕಡೆಯಿಂದ ಬಂದ ನಮಗೆ ನೆನಪಾಗುವುದು ಮೈಯಲ್ಲಿ ಬಾಣಗಳು ನಾಟಿದ ಸಂತ ಸೆಬಾಸ್ಟಿಯನ್ನರ ಪ್ರತಿಮೆ. ಬಿಲ್ಲುಗಾರರಿಗೂ ಅವರೇ ಪಾಲಕ ಸಂತರೆಂದು ತಿಳಿದದ್ದು ಅಮೆರಿಕದ ಮಿಸೌರಿಯಲ್ಲಿ ನೆಲೆಸಿದ ಮೇಲೆ. ಇಲ್ಲಿ ಸೆಪ್ಟೆಂಬರ್ ನಡುವಿನಲ್ಲಿ ಬಿಲ್ಲಿನಿಂದ ಜಿಂಕೆ ಬೇಟೆ ಆರಂಭ. ಆಗ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲೂ ಅದೇ ಮಾತು.

ಪಕ್ಕದ ಮನೆಯ ಅಜ್ಜಿ ತಮ್ಮ ದಿವಂಗತ ಪತಿಯ ಬಿಲ್ಲನ್ನು ನಮ್ಮ 15 ವರ್ಷದ ಮಗನಿಗೆ ಕೊಟ್ಟು, “ಮೂಲೆಗೆ ಹಾಕಬೇಡಿ, ಉಪಯೋಗಿಸಿ” ಎಂದರು. ಅದು 1980ರ ದಶಕದ ಕಾಂಪೌಂಡ್ ಬಿಲ್ಲು. ಎರಡು ತುದಿಗಳಲ್ಲೂ ಗಾಲಿಗಳು. ಗಾಲಿಯ ಅಚ್ಚು ಮಾತ್ರ ನಡುವಿನಲ್ಲಿಲ್ಲ, ಒಂದು ಬದಿಗಿದೆ. ಹಾಗಾಗಿ ಎಳೆಯುವಾಗ ಮೊದಲು ಭಾರ, ಕೊನೆಗೆ ಹಗುರ. 60 ಪೌಂಡಿನ ಹಳೆಯ ಬಿಲ್ಲನ್ನು ಪೂರ್ತಿ ಎಳೆದು ಹಿಡಿದರೆ ಕೈಗೆ ಬರುವ ಭಾರ ಸುಮಾರು 30 ಪೌಂಡು. ಈಗಿನ ಬಿಲ್ಲುಗಳಲ್ಲಿ ಅದು 12ಕ್ಕೆ ಇಳಿದದ್ದೂ ಉಂಟು. ಇದನ್ನು ಕಂಡುಹಿಡಿದ ಹಾಲೆಸ್ ವಿಲ್ಬರ್ ಆಲನ್ ಮಿಸೌರಿಯವರೇ. 1969ರಲ್ಲಿ ಪೇಟೆಂಟ್ ಪಡೆದರು.

ಮಗನಿಗೆ ಅಂದೇ ಗುರಿ ಹೊಡೆಯುವ ಆತುರ. ನಾವು ಒಪ್ಪದೆ ಬಿಲ್ಲಿನ ಅಂಗಡಿಗೆ ಒಯ್ದೆವು. ಅಲ್ಲಿಯವರು ಬಾಗುವ ತೋಳುಗಳ ಮೇಲೆ ಹತ್ತಿಯ ಉಂಡೆ ಎಳೆದರು. ಸಣ್ಣ ಬಿರುಕಿದ್ದರೂ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದಂತೆ. ಮೇಲಿನ ತೋಳು ನುಣುಪಾಗಿತ್ತು. ಕೆಳಗಿನ ತೋಳಿನಲ್ಲಿ, ಗಾಲಿಯ ಹತ್ತಿರ, ಎರಡು ಕಡೆ ಹತ್ತಿ ನಿಂತಿತು. ಉಕ್ಕಿನ ಕೇಬಲ್ಲಿನ ಪ್ಲಾಸ್ಟಿಕ್ ಹೊದಿಕೆ ಒಡೆದು ಒಳಗಿನ ಕೆಲವು ತಂತಿಗಳು ತುಂಡಾಗಿದ್ದವು. ಕೇಬಲ್ಲನ್ನು ಅಳತೆ ಕೊಟ್ಟು ಮಾಡಿಸಬಹುದು. ತೋಳು ಸಿಗಬೇಕಾದರೆ ಅದೇ ಮಾದರಿಯ ಇನ್ನೊಂದು ಹಳೆಯ ಬಿಲ್ಲನ್ನೇ ಹುಡುಕಬೇಕು, ಅದರ ವಯಸ್ಸೂ 40ರ ಆಸುಪಾಸೇ.

ಮನೆಯಲ್ಲಿ ಒಂದು ವಾರ ಚರ್ಚೆ. ಖರ್ಚಿನ ಮಾತು ಬೇಗ ಮುಗಿಯಿತು. ಅಜ್ಜಿಯ ಮಾತು ಮುಗಿಯಲಿಲ್ಲ. ಕೊಟ್ಟವರ ಮನಸ್ಸು ನೋಯಿಸಬಾರದು, ನಿಜ. ಆದರೆ ಪೂರ್ತಿ ಎಳೆದಾಗ ತೋಳು ಮುರಿದರೆ ಚೂರು ಹಾರುವುದು ಮುಖದ ಕಡೆಗೇ. ಇನ್ನೊಂದು ಸಂಗತಿಯೂ ಇತ್ತು. ನಂಬಿಕೆಯಿಲ್ಲದ ಬಿಲ್ಲಿನಿಂದ ಬಿಟ್ಟ ಬಾಣ ಜಿಂಕೆಯನ್ನು ಕೊಲ್ಲದೆ ಗಾಯಗೊಳಿಸಿದರೆ ಆ ಪ್ರಾಣಿ ಕಾಡಿನಲ್ಲಿ ನರಳುತ್ತದೆ. ಮಾಂಸಕ್ಕಾಗಿ ಬೇಟೆಯಾಡುವವರನ್ನು ನಾವು ತಪ್ಪೆನ್ನುವುದಿಲ್ಲ, ಇದನ್ನು ಮಾತ್ರ ಒಪ್ಪಲಾರೆವು.

ಕೊನೆಗೆ ಬಿಲ್ಲನ್ನು ದುರಸ್ತಿ ಮಾಡಿಸುವುದು ಬೇಡವೆಂದೆವು. ಯಾರೂ ಮರೆತು ಎಳೆಯದಿರಲೆಂದು ಅಂಗಡಿಯವರಿಂದಲೇ ಹುರಿ, ಕೇಬಲ್ ಬಿಚ್ಚಿಸಿದೆವು. ಮಗ ಎರಡು ದಿನ ಮಾತಾಡಲಿಲ್ಲ. ಈಗ ಶನಿವಾರಗಳಲ್ಲಿ ಬಾಡಿಗೆ ಬಿಲ್ಲಿನಲ್ಲಿ ಕಲಿಯುತ್ತಿದ್ದಾನೆ.

ಅಜ್ಜಿಗೆ ಹೇಳಲು ಅವನನ್ನೂ ಕರೆದುಕೊಂಡೇ ಹೋದೆವು. ಅವರು ಎಲ್ಲವನ್ನೂ ಕೇಳಿ, ಒಳಗೆ ಹೋಗಿ ಪತಿಯ ಅಲ್ಯೂಮಿನಿಯಂ ಬಾಣಗಳನ್ನು ತಂದು ಮೇಜಿನ ಮೇಲಿಟ್ಟರು. “ಹಿಡಿಗೆ ಸುತ್ತಿದ ಚರ್ಮದ ಪಟ್ಟಿ ಅವರ ಕೈಯದು, ಅದನ್ನೊಂದು ಬಿಚ್ಚಬೇಡಿ” ಎಂದರು.